ಲ್ಯಾಟಿನ್ ತೋಳ

ಭೀಮಲಿಂಗಪ್ಪನ ಮೂಗಿನ ಎರಡೂ ಕಡೆ ಕೆಂಪಗೆ ಗಂಧೆ ಎದ್ದಿತ್ತು. ಆದೋನಿಯ ಚರ್ಮದ ಡಾಕ್ಟರು ಹಿಂದಿನ ವಾರ ರಕ್ತವನ್ನು ಪರೀಕ್ಷೆಗೆ ಕಳಿಸಿ, ಚೀಟಿಯಲ್ಲಿ ‘ಲೂಪಸ್’ ಎಂದು ಗೀಚಿ ಮುಂದೊಂದು ಪ್ರಶ್ನೆಯ ಗುರುತು ಹಾಕಿದ್ದರು. ಚಿಪ್ಪಗಿರಿ ಹತ್ತಿರದ ತನ್ನ ಊರಿನಲ್ಲಿ ಹನ್ನೆರಡು ಮನೆಯ ಕುರಿ ಕಾಯುವವನು ಅವನು. ಮುಂಜಾನೆ ಕುರಿ ಬಿಡುವ ಹೊತ್ತಿನಲ್ಲಿ, ನರ್ಸಿಂಗ್ ಓದುವ ಪಕ್ಕದ ಮನೆಯ ಭುವನಾಳ ಕೈಗೆ ಆ ಚೀಟಿ ಕೊಟ್ಟಿದ್ದೇ ತಪ್ಪಾಯಿತು.

“ಇದು ಲ್ಯಾಟಿನ್ ಮಾತು ಮಾಮ,” ಎಂದಳು ಭುವನಾ. ಮೊನ್ನೆಯಷ್ಟೇ ಕಲಿತದ್ದು, ಹೇಳದೆ ಇರಲಾದೀತೇ? “ಲೂಪಸ್ ಅಂದ್ರ ತೋಳ. ಮುಖದ ಗಾಯ ತೋಳ ಕಚ್ಚಿದಂಗ ಕಾಣತೈತಿ ಅಂತ ಹಿಂದಿನ ಡಾಕ್ಟರು ಈ ಹೆಸರಿಟ್ರಂತ.”

ಹಟ್ಟಿಯ ಮುಂದೆ ಕುರಿ ಬಿಡಲು ಬಂದವರೆಲ್ಲ ಅವನತ್ತ ತಿರುಗಿದರು. ಅಲ್ಲಿಯವರು ಕುರಿಯ ಎದುರು ಆ ಪ್ರಾಣಿಯ ಹೆಸರೆತ್ತುವುದಿಲ್ಲ. ತೀರಾ ಬೇಕಾದರೆ ‘ಅಡವ್ಯಾಗಿನಾವ’ ಎನ್ನುತ್ತಾರೆ. ಈ ಹುಡುಗಿ ಅದನ್ನು ಕುರಿ ಕಾಯುವವನ ಮುಖದ ಮೇಲೇ ಕೂರಿಸಿಬಿಟ್ಟಳು.

ಮೊದಲು ಲಿಂಗಕ್ಕ ತನ್ನ ಕುರಿಗಳನ್ನು ಬೇರೆ ಮಾಡಿದಳು. “ತಪ್ಪು ತಿಳೀಬ್ಯಾಡಪ. ಅಡವ್ಯಾಗಿನಾವನ್ನ ರಕ್ತದಾಗ ಇಟ್ಕೊಂಡು ನೀ ಕುರಿ ಹೆಂಗ ಕಾಯ್ತಿ?”

“ಅದು ಬರೇ ಹೆಸರಕ್ಕ.”

“ಓದಿದ ಡಾಕ್ಟರು ಸುಮ್ಸುಮ್ನ ಹೆಸರಿಡ್ತಾರೇನು?”

ಅಷ್ಟರಲ್ಲಿ ಒಂದು ಕುರಿ ಅವನನ್ನು ನೋಡಿ ಸೀನಿತು. ಅದಕ್ಕೂ ವಾಸನೆ ಹತ್ತಿದೆ ಎಂದರು. ಎಂಟು ಗಂಟೆಯೊಳಗೆ ಇಡೀ ಹಿಂಡು ಮಾರೆಣ್ಣನ ಹಿಂದೆ ಹೊರಟಿತ್ತು. ಮಾರೆಣ್ಣ ಕುರಿಗಿಂತ ಬೇವಿನ ನೆರಳು ಕಾಯುವುದರಲ್ಲಿ ಗಟ್ಟಿ. ಇಪ್ಪತ್ತು ವರ್ಷ ಹಿಂಡಿನ ಹಿಂದೆ ನಡೆದಿದ್ದ ಭೀಮಲಿಂಗಪ್ಪ, ಕೋಲು ಹಿಡಿದು, ಬಸ್ಸು ತಪ್ಪಿದವನ ಹಾಗೆ ನಿಂತ.

“ರೋಗ ಇಲ್ಲಂತ ಬರೆಸ್ಕೊಂಡು ಬಾ. ಕುರಿ ನಿನ್ನ ಕೈಗೇ ಕೊಡ್ತೀವಿ,” ಎಂದಳು ಲಿಂಗಕ್ಕ.

ಅವನು ಬಸ್ಸಿನಲ್ಲಿ ನಿಂತೇ ಆದೋನಿಗೆ ಹೋದ. ಡಾಕ್ಟರು ರಿಪೋರ್ಟು ನೋಡಿ, “ನೀಕೇಂ ಲೇದಪ್ಪಾ, ನಿನಗೇನೂ ಇಲ್ಲ. ಲೂಪಸ್ ಇಲ್ಲ, ಬಿಸಿಲಿಗೆ ಎದ್ದ ಗಂಧೆ,” ಎಂದರು. ಅವನು ಬಿಡದೆ ಅಷ್ಟನ್ನೂ ತೆಲುಗಿನಲ್ಲಿ ದೊಡ್ಡಕ್ಷರದಲ್ಲಿ ಬರೆಸಿ, ಸೀಲು ಒತ್ತಿಸಿಕೊಂಡ.

ಸಂಜೆ ಊರಿಗೆ ಬಂದರೆ ಹಟ್ಟಿಯ ಮುಂದೆ ಜನ ತಲೆ ತಗ್ಗಿಸಿ ಕೂತಿದ್ದರು. ಮಧ್ಯಾಹ್ನ ಮಾರೆಣ್ಣ ನಿದ್ದೆ ಹೋದಾಗ ತೋಳ ನುಗ್ಗಿ ಲಿಂಗಕ್ಕನ ಎರಡು ಮರಿಗಳನ್ನು ಒಯ್ದಿತ್ತು. ಆ ಗುಡ್ಡದಲ್ಲಿ ತೋಳ ಕಂಡು ಏಳು ವರ್ಷವಾಗಿತ್ತು. ಭೀಮಲಿಂಗಪ್ಪನಿಗೆ ಮರಿಗಳಿಗಾಗಿ ಸಂಕಟವಾಯಿತು. ಇನ್ನು ಹಿಂಡು ತನಗೇ ಬರುತ್ತದೆ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಚೀಟಿಯನ್ನು ಮುಂದೆ ಹಿಡಿದ.

ಭುವನಾ ಎಲ್ಲರಿಗೂ ಕೇಳುವ ಹಾಗೆ ಓದಿದಳು. “ಮಾಮನ ಮೈಯಾಗ ಲೂಪಸ್ ಇಲ್ಲ.”

“ಮುಂಜಾನಿ ಇತ್ತು, ಈಗಿಲ್ಲ,” ಎಂದು ಲಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಿಡೋದು ಬಿಟ್ಟಿ, ನನ್ನ ಮರಿ ಮ್ಯಾಲೇ ಬಿಡಬೇಕಿತ್ತೇನಪ?”