ಸೆನ್ಸರಿಗೆ ನಾನಿಟ್ಟ ಪರೀಕ್ಷೆ

ನಮ್ಮ ಕಾರು ಓಡುವಾಗ ಹೇಗೋ ಓಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಮಾತ್ರ ಮೈ ನಡುಗಿಸಿ, ಎರಡು ಸಲ ಕೆಮ್ಮಿ, ಪ್ರಾಣ ಬಿಡುತ್ತಿತ್ತು. ಬೇರೆ ಕಾಲದಲ್ಲಾಗಿದ್ದರೆ ಅದರ ಪಾಡಿಗೆ ಅದನ್ನು ಬಿಡುತ್ತಿದ್ದೆ. ಆದರೆ ಮಗಳಿಗೆ ತುಂಬು ತಿಂಗಳು. ಡಾಕ್ಟರು ಹೇಳಿದ ದಿನಕ್ಕೆ ಒಂಬತ್ತೇ ದಿನ ಉಳಿದಿತ್ತು. ಅಳಿಯ ಹಡಗಿನ ಕೆಲಸದವನು, ಆಗ ಯಾವುದೋ ಸಮುದ್ರದ ನಡುವೆ ಇದ್ದ. ಮನೆಯಿಂದ ಆಸ್ಪತ್ರೆಗೆ ಹನ್ನೊಂದು ಸಿಗ್ನಲ್. (ಎರಡು ಸಲ ಹೋಗಿ ಎಣಿಸಿ ಬಂದಿದ್ದೇನೆ.) ಮೊಮ್ಮಗು ಏಳನೆಯ ಸಿಗ್ನಲ್ಲಿನಲ್ಲೇ ಹುಟ್ಟಿಬಿಟ್ಟರೆ ಜನ್ಮಸ್ಥಳ ಏನೆಂದು ಬರೆಸುವುದು? ಈ ಯೋಚನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ.

ನಮ್ಮ ಮೆಕ್ಯಾನಿಕ್ಕಿಗೆ ಮನೆಯಲ್ಲಿಟ್ಟ ಹೆಸರು ‘ನೋಡೋಣ’. ಏನು ಕೇಳಿದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ಗುರುವಾರ ಬೆಳಿಗ್ಗೆ ಫೋನ್ ಮಾಡಿದೆ. ಎಂಜಿನ್ನಿನೊಳಗೆ ಹೋಗುವ ಗಾಳಿಯನ್ನು ಅಳೆಯುವ ಸೆನ್ಸರ್ ಒಂದಿದೆ, ಅದು ಕೊಟ್ಟ ಲೆಕ್ಕ ನೋಡಿ ಕಾರು ಪೆಟ್ರೋಲ್ ಬಿಟ್ಟುಕೊಳ್ಳುತ್ತದೆ, ಅದು ಕೆಟ್ಟಿರಬಹುದು, ಕೆಡದೆಯೂ ಇರಬಹುದು, ಸೋಮವಾರ ತನ್ನಿ, ನೋಡೋಣ ಎಂದ.

ಸೋಮವಾರದವರೆಗೆ ಮಗು ಕಾಯುತ್ತದೆಂದು ಬರೆದುಕೊಟ್ಟವರಾರು? ಮೂವತ್ತೆರಡು ವರ್ಷ ಗಣಿತ ಮೇಷ್ಟರಾಗಿ ಸಾವಿರಾರು ಮಕ್ಕಳಿಗೆ ಬೆವರಿಳಿಸಿದ ನಾನು, ಹೆಬ್ಬೆರಳಿನಷ್ಟಿರುವ ಒಂದು ಸೆನ್ಸರನ್ನು ಪರೀಕ್ಷಿಸಲಾರೆನೇ? ಮೊಬೈಲಿನಲ್ಲಿ ಆ ಕುರಿತ ವಿಡಿಯೋ ಒಂದನ್ನು ಹುಡುಕಿ ಅರ್ಧದವರೆಗೆ ನೋಡಿದೆ. (ಅಷ್ಟರಲ್ಲಿ ಪೂರ್ತಿ ಅರ್ಥವಾಗಿಬಿಟ್ಟಿತ್ತು.) ಎಂಜಿನ್ ಓಡುತ್ತಿರುವಾಗ ಸೆನ್ಸರಿನ ವೈರಿನ ಪ್ಲಗ್ ಕೀಳಬೇಕು. ಏನಾಗುತ್ತದೋ ನೋಡಬೇಕು. ಅಷ್ಟೇ.

ನಮ್ಮ ಮನೆಯಲ್ಲಿ ಸ್ಟೇರಿಂಗ್ ಹಿಡಿಯುವವಳು ನನ್ನ ಹೆಂಡತಿ, ಕಾರಿನದೂ ಸಂಸಾರದ್ದೂ. ಅವಳನ್ನು ಒಳಗೆ ಕೂರಿಸಿ ಎಂಜಿನ್ ಶುರು ಮಾಡಿಸಿ, ಅದು ತಾನಾಗಿ ಸಾಯದಂತೆ ಆಕ್ಸಿಲರೇಟರ್ ಒತ್ತಿ ಹಿಡಿಸಿದೆ. ಮಗಳು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು, ಹೊಟ್ಟೆಯ ಮೇಲೆ ಮೊಬೈಲ್ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದಳು. ನಾನು ಬಾನೆಟ್ಟಿನೊಳಗೆ ತಲೆ ತೂರಿಸಿ, ಉಸಿರು ಬಿಗಿಹಿಡಿದು ಪ್ಲಗ್ ಕಿತ್ತೆ. ಎಂಜಿನ್ ಗಕ್ಕೆಂದು ನಿಂತಿತು.

ಸಿಕ್ಕಿಬಿದ್ದ ಕಳ್ಳ, ಎಂದೆ ನಾನು.

“ಅಲ್ಲಾರೀ, ಕಿತ್ತ ತಕ್ಷಣ ನಿಂತ್ಹೋಯ್ತು ಅಂದ್ರೆ ಅಲ್ಲೀವರೆಗೂ ಅದು ಕೆಲಸ ಮಾಡ್ತಿತ್ತು ಅಂತ ತಾನೆ?” ಎಂದಳು ಹೆಂಡತಿ.

ಗಣಿತ ಮೇಷ್ಟರ ಹೆಂಡತಿಗೆ ಇಷ್ಟು ತರ್ಕ ಬರಬಾರದು. ಮೇಲುನೋಟಕ್ಕೆ ಹಾಗೆ ಕಾಣುತ್ತದೆ, ಒಳಗೆ ಕೊಳೆ ಕೂತಿರಬೇಕು ಎಂದು ಗಂಭೀರವಾಗಿ ಹೇಳಿ, ಎರಡು ಸ್ಕ್ರೂ ಬಿಚ್ಚಿ ಸೆನ್ಸರನ್ನು ಹೊರತೆಗೆದೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದನ್ನು ಶಸ್ತ್ರಚಿಕಿತ್ಸೆಗೆ ಮಲಗಿಸಿದೆ. ಅದರ ಗಂಟಲಿನಲ್ಲಿ ಕೂದಲಿಗಿಂತ ಸಣ್ಣದೊಂದು ತಂತಿ. ಅದರ ಮೇಲೆ ಒಂದು ಕಪ್ಪು ಚುಕ್ಕೆ. ಅದೇ ಕೊಳೆ. ಕಿವಿಗೆ ಹಾಕುವ ಹತ್ತಿಕಡ್ಡಿ ತಂದು, ಎಳೆಗೂಸಿನ ಕಣ್ಣು ಒರೆಸುವಷ್ಟು ನಾಜೂಕಾಗಿ ಒರೆಸಿದೆ. ಚುಕ್ಕೆ ಬಂತು. ಜೊತೆಗೆ ತಂತಿಯೂ ಬಂತು.

ಯಾರಿಗೂ ಹೇಳದೆ ಸೆನ್ಸರನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಪ್ಲಗ್ ಚುಚ್ಚಿ, ಬಾನೆಟ್ ಮುಚ್ಚಲು ಕೈ ಎತ್ತಿದ್ದೆ. ಅಷ್ಟರಲ್ಲಿ ಜಗುಲಿಯಿಂದ ಮಗಳು ಬಹಳ ಮೆಲ್ಲಗೆ, “ಅಮ್ಮ, ಹೊರಡಬೇಕು ಅನ್ಸುತ್ತೆ,” ಎಂದಳು.

ಒಂಬತ್ತು ದಿನ ಇದೆಯಲ್ಲ ಎಂದು ನಾನು ಲೆಕ್ಕ ಹೇಳಿದ್ದು ನೆನಪಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಡಿಗೆ ಕಾರು ಬರಲು ಇಪ್ಪತ್ತೈದು ನಿಮಿಷ ಬೇಕೆಂದರು. ಹೆಂಡತಿ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಿದಳು. ಕಾರು ಕೆಮ್ಮಿ ಸತ್ತಿತು. ಇನ್ನೊಮ್ಮೆ ತಿರುಗಿಸಿದಳು. ಕೆಮ್ಮುವಷ್ಟು ಸೌಜನ್ಯವನ್ನೂ ತೋರಲಿಲ್ಲ.

“ಏನು ಮಾಡಿದ್ರಿ ಅದಕ್ಕೆ?” ಎಂದಳು ಹೆಂಡತಿ.

ನಾನು ತಂತಿಯ ವಿಷಯ ಒಪ್ಪಿಕೊಂಡೆ. ಆ ಕ್ಷಣ ಅವಳು ನನ್ನನ್ನು ನೋಡಿದ ನೋಟಕ್ಕೆ ನಿಘಂಟಿನಲ್ಲಿ ಪದವಿಲ್ಲ. ನನಗೆ ನಿಜಕ್ಕೂ ಅಳು ಬಂದಿತ್ತು. ಕೂಸು ಬರುವ ಗಳಿಗೆಯಲ್ಲಿ ಇದ್ದೊಂದು ಗಾಡಿಯ ಗಂಟಲನ್ನು ಅಜ್ಜನೇ ಹಿಚುಕಿದ್ದ.

ಹಿಂದಿನಿಂದ ಮಗಳು, ನೋವಿನ ನಡುವೆ, “ಅಪ್ಪ, ಆ ಪ್ಲಗ್ ಕಿತ್ಹಾಕು. ಓಡುವಾಗ ಕಿತ್ರೆ ನಿಲ್ಲುತ್ತೆ, ಮೊದಲೇ ಕಿತ್ತು ಶುರು ಮಾಡಿದ್ರೆ ಕಾರು ತಾನೇ ಒಂದು ಅಂದಾಜಿನ ಮೇಲೆ ಓಡುತ್ತಂತೆ. ನೀನು ಅರ್ಧಕ್ಕೆ ಬಿಟ್ಟ ವಿಡಿಯೋನ ನಾನು ಪೂರ್ತಿ ನೋಡಿದೆ,” ಎಂದಳು.

ಕಿತ್ತೆ. ಹೆಂಡತಿ ಕೀಲಿ ತಿರುಗಿಸಿದಳು. ಎಂಜಿನ್ ಗೊರಗೊರ ಎನ್ನುತ್ತ ಹತ್ತಿಕೊಂಡಿತು. ನಾನು ಬಾನೆಟ್ ಮುಚ್ಚಿ ಪಕ್ಕದ ಬಾಗಿಲಿಗೆ ಬರುವಷ್ಟರಲ್ಲಿ ಕಾರು ಗೇಟು ದಾಟಿತ್ತು. ನಿಂತರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯ ಅವಳಿಗೆ. ಮುಂದಿನ ತಿರುವಿನವರೆಗೆ ಹಿಂದೆಯೇ ಓಡಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿದಳು, ಆದರೂ ನಿಲ್ಲಿಸಲಿಲ್ಲ.

ಬಾಡಿಗೆ ಕಾರು ಹಿಡಿದು ಆಸ್ಪತ್ರೆ ಸೇರಿ, ಲಿಫ್ಟಿಗೆ ಕಾಯದೆ ಮೂರು ಮಹಡಿ ಹತ್ತಿದೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನನ್ನ ಎದೆ ತಿದಿಯಂತೆ ಏಳುತ್ತಿತ್ತು. ಅಂಗಿಯ ತುಂಬ ಮಸಿ, ಬಾಯಲ್ಲಿ ಮಾತಿಲ್ಲ. ನರ್ಸಮ್ಮ ನನ್ನನ್ನು ನೋಡಿ ಬೇರೇನನ್ನೋ ಊಹಿಸಿದರು. ಎರಡೇ ನಿಮಿಷದಲ್ಲಿ ನಾನು ಒಂದು ಮಂಚದ ಮೇಲೆ ಅಂಗಾತವಾಗಿದ್ದೆ. ಎದೆಗೆ ನಾಲ್ಕು ವೈರು, ಬೆರಳಿಗೆ ಒಂದು ಕ್ಲಿಪ್ಪು. ಮಗಳ ವಿಷಯ ಕೇಳಿದರೆ, ಮೊದಲು ಉಸಿರು ಸರಿ ಹೋಗಲಿ, ಅಲುಗಾಡಬೇಡಿ ಎಂದರು. ಹಾಗೆ ಒಂದು ಗಂಟೆ ಹತ್ತು ನಿಮಿಷ. ಜೀವಮಾನದಲ್ಲಿ ಅಷ್ಟು ಉದ್ದದ ಗಂಟೆಯನ್ನು ನಾನು ಕಂಡಿಲ್ಲ.

ಕೊನೆಗೆ ಹೆಂಡತಿ ಬಂದಳು. ಕೈಯಲ್ಲಿ ಒಂದು ಬಿಳಿಯ ಗಂಟು. ಹೆಣ್ಣುಮಗು, ತಾಯಿ ಚೆನ್ನಾಗಿದ್ದಾಳೆ ಎಂದಳು. ಅವಳ ಕಣ್ಣೂ ತೇವವಾಗಿತ್ತು. ನಂತರ, ನೋಡೋಣನನ್ನು ಆಸ್ಪತ್ರೆಗೇ ಕರೆಸಿ ಕಾರು ತೋರಿಸಿದೆ ಎಂದೂ ಹೇಳಿದಳು. ಗಾಳಿ ಹೋಗುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತಂತೆ. ಸೆನ್ಸರ್ ಅಳೆದ ಗಾಳಿ ಒಂದು, ಬಿರುಕಿನಿಂದ ಕದ್ದು ಒಳಗೆ ನುಗ್ಗುತ್ತಿದ್ದ ಗಾಳಿ ಇನ್ನೊಂದು. ಪೈಪಿಗೆ ಟೇಪ್ ಸುತ್ತಿದ್ದಾನಂತೆ. ಇಡೀ ಕಾರಿನಲ್ಲಿ ಸತ್ಯ ಹೇಳುತ್ತಿದ್ದುದು ಆ ಸೆನ್ಸರ್ ಒಂದೇ, ಅದನ್ನು ಕೊಂದವರಾರು ಎಂದು ಕೇಳಿದನಂತೆ.

ನಾನು ವಿಷಯ ಬದಲಿಸಲು ಮಗುವಿನತ್ತ ಕೈ ಚಾಚಿದೆ. ಮೊಮ್ಮಗಳು ಕಣ್ಣು ಮುಚ್ಚಿ, ಸದ್ದಿಲ್ಲದೆ ಮಲಗಿದ್ದಳು. ಉಸಿರಾಡುತ್ತಿದ್ದಾಳೆ ತಾನೆ ಎಂಬ ದಿಗಿಲಿನಲ್ಲಿ ನನ್ನ ತೋರುಬೆರಳು ತಾನಾಗಿಯೇ ಆ ಪುಟ್ಟ ಮೂಗಿನ ಕಡೆ ಹೊರಟಿತು.

ಹೆಂಡತಿ ಮಗುವನ್ನು ಸರಕ್ಕನೆ ಎದೆಗೊತ್ತಿಕೊಂಡು ನರ್ಸಮ್ಮನಿಗೆ, “ಸಿಸ್ಟರ್, ಇವರ ಕೈಗೆ ಮಗು ಕೊಡಬೇಡಿ, ದೂರದಿಂದ ತೋರಿಸಿ ಸಾಕು. ಇವರು ಪರೀಕ್ಷೆ ಮಾಡಿಬಿಡ್ತಾರೆ,” ಎಂದಳು.