ಅತ್ತೆಯ ಇಕ್ಕಳ ಮತ್ತು ನನ್ನ ಆರನೇ ನಿಯಮ

ಶುಕ್ರವಾರ ಸಂಜೆ ಶಿವರಂಜನಿ ಹಜಾರದಲ್ಲಿ ಕೂತು ಮೊರದಲ್ಲಿ ಹುರುಳಿಕಾಳು ಹಸನು ಮಾಡುತ್ತಿದ್ದಳು. ನಾನು ಅವಳ ಎದುರಿಗೇ ಪಾರ್ಸಲ್ ಬಿಚ್ಚಿದೆ. ಒಳಗಿನಿಂದ ಮೊಳದುದ್ದದ ಕಪ್ಪು ಟಾರ್ಚೊಂದು ಹೊರಬಂತು.

"ಇದೇನ್ರೀ, ಒನಕೆನಾ?"

"ಎಚ್‌ಐಡಿ ಟಾರ್ಚು."

"ಹಂಗಂದ್ರೆ?"

ಹೀಗೆ ಯಾರಾದರೂ ಕೇಳಲಿ ಎಂದು ನಾನು ಎರಡು ವಾರದಿಂದ ಕಾಯುತ್ತಿದ್ದೆ. ಹಳೇ ಬಲ್ಬಿನಲ್ಲಿ ತಂತಿ ಕಾದು ಬೆಳಕಾಗುತ್ತದೆ, ಇದರಲ್ಲಿ ತಂತಿಯೇ ಇಲ್ಲ, ಗಾಜಿನ ಗುಂಡಿನೊಳಗಿನ ಅನಿಲದಲ್ಲಿ ವಿದ್ಯುತ್ತು ಜಿಗಿದು ಉರಿಯುತ್ತದೆ, ದೊಡ್ಡ ಕಾರುಗಳ ಹೆಡ್‌ಲೈಟಿನ ಜಾತಿ ಇದು, ಅರ್ಧ ಮೈಲಿ ಆಚೆ ಮರದಲ್ಲಿ ಕೂತ ಕಾಗೆ ಕೂಡ ಕಾಣುತ್ತದೆ ಎಂದು ವಿವರಿಸಿದೆ. ಅವಳು ಮೊರವನ್ನು ಒಮ್ಮೆ ಕೊಡವಿದಳು. ಒಂದು ಕಲ್ಲು ಬಂದು ನನ್ನ ಪಾದದ ಮೇಲೆ ಬಿತ್ತು.

"ನಮ್ಮಪ್ಪಂಗೆ ಕಾಗೆ ಕಾಣೋದು ಬೇಡ. ಕಾಲುವೆ ಕಂಡ್ರೆ ಸಾಕು."

ಮಾತು ನ್ಯಾಯವಾಗಿತ್ತು. ಅವಳಪ್ಪ, ಅಂದರೆ ನನ್ನ ಮಾವ ಶಂಭುಲಿಂಗಪ್ಪನವರು, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಲ್ಲಿ ಮುಸುಕಿನ ಜೋಳ ಬೆಳೆಯುತ್ತಾರೆ. ಅರ್ಧವನ್ನು ಅವರು ಕೊಯ್ಯುತ್ತಾರೆ, ಇನ್ನರ್ಧವನ್ನು ಹಂದಿಗಳು. ಹಾಗಾಗಿ ದಿನಾ ಮುಚ್ಚಂಜೆಗೆ ಹೊಲಕ್ಕೊಂದು ಸುತ್ತು ಹಾಕಿ, ಡಬ್ಬ ಬಡಿದು ಬರುವುದು ಅವರ ಪದ್ಧತಿ. ಹೋದ ತಿಂಗಳು ಹಳೇ ಮೂರು ಸೆಲ್ಲಿನ ಟಾರ್ಚಿನ ಮಂಕು ಬೆಳಕಿನಲ್ಲಿ ಕಾಲುವೆಗೆ ಕಾಲಿಟ್ಟು ಬಿದ್ದರು. ಕಾಲು ಮುರಿಯಲಿಲ್ಲ, ಉಳುಕಿತು. ಹೆಣ್ಣುಮಕ್ಕಳಿಬ್ಬರೂ ಸೇರಿ ತೀರ್ಪು ಕೊಟ್ಟರು: ಒಳ್ಳೇ ಟಾರ್ಚು ಬರುವವರೆಗೆ ಸಂಜೆ ಹೊಲದ ದಾರಿ ಬಂದ್. ಮಾವ ಊಟ ಬಿಟ್ಟರು. ಆಮೇಲೆ ಇನ್ನೊಂದು ತೀರ್ಪು: ಅಳಿಯಂದಿರಿಬ್ಬರೂ ಒಂದೊಂದು ಟಾರ್ಚು ತರಲಿ, ಅಪ್ಪನಿಗೆ ಯಾವುದು ಹಿಡಿಸುತ್ತದೋ ಅದು.

ಇಲ್ಲಿ ನನ್ನ ಷಡ್ಡಕನ ಬಗ್ಗೆ ಹೇಳಬೇಕು. ಹೆಸರು ಬಸವಪ್ರಸಾದ್, ಗುಂಡ್ಲುಪೇಟೆಯಲ್ಲಿ ಗೊಬ್ಬರದ ಅಂಗಡಿ. ಆತ ಅತ್ತೆಮನೆಗೆ ಇದುವರೆಗೆ ತಂದುಕೊಟ್ಟ ಮಿಕ್ಸಿ, ಸ್ಪ್ರೇಯರ್, ಸೀಲಿಂಗ್ ಫ್ಯಾನ್ ಎಲ್ಲವೂ ಕೆಲಸ ಮಾಡುತ್ತಿವೆ. ನಾನು ತಂದುಕೊಟ್ಟ ಮಂಡಿನೋವಿನ ಬೆಲ್ಟು ಎಮ್ಮೆ ಕಟ್ಟುವುದಕ್ಕೆ ಉಪಯೋಗವಾಗುತ್ತಿದೆ. ಟಾರ್ಚಿನ ವಿಷಯದಲ್ಲಾದರೂ ಗೆಲ್ಲಬೇಕು ಎಂಬ ಹಟ ನನಗಿತ್ತು. ಮೇಲಾಗಿ ಇದು ನನ್ನದೇ ಕ್ಷೇತ್ರ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಮೇಲ್ವಿಚಾರಕ. 'ಮೊದಲು ಸುರಕ್ಷತೆ' ಎಂಬ ಫಲಕ ಅಲ್ಲಿ ಎಷ್ಟು ಕಡೆ ಇದೆಯೋ ಅಷ್ಟು ಕಡೆಯೂ ಮೊಳೆ ಹೊಡೆದವನು ನಾನೇ. (ಒಮ್ಮೆ ಹೆಬ್ಬೆರಳಿಗೂ ಹೊಡೆದಿದ್ದೇನೆ.)

ಶನಿವಾರ ಸಂಜೆ ಭೀಮನಬೀಡಿನಲ್ಲಿ ಮಾವನ ಹೊಲದ ಬದುವಿನ ಮೇಲೆ ಸ್ಪರ್ಧೆ ಏರ್ಪಟ್ಟಿತು. ಬಸವಪ್ರಸಾದನದೂ ಎಚ್‌ಐಡಿಯೇ. ಕುಂಬಳಕಾಯಿ ಗಾತ್ರ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ, ಐವತ್ತೈದು ವ್ಯಾಟ್. ನನ್ನದು ಮೂವತ್ತೈದು ವ್ಯಾಟ್, ಆದರೆ ತೂಕ ಅದರ ಅರ್ಧ. ಗುರಿ, ಹೊಲದ ಆಚೆ ತುದಿಯ ಹುಣಸೆಮರಕ್ಕೆ ಹಂದಿ ಬೆದರಲೆಂದು ಕಟ್ಟಿದ್ದ ಕೆಂಪು ಸೀರೆ.

ಹಿರಿಯ ಅಳಿಯ ನಾನು, ಮೊದಲ ಮರ್ಯಾದೆ ನನಗೆ. ಗುಂಡಿ ಒತ್ತಿದೆ. ಟಿಕ್ ಎಂದಿತು. ಗಾಜಿನೊಳಗೆ ನೀಲಿ ಬಣ್ಣದ್ದೇನೋ ಮಿಣುಕಿತು.

"ಸತ್ತೋಯ್ತಾ?" ಅಂದರು ಮಾವ.

"ಇಲ್ಲ ಮಾವ, ಎಚ್‌ಐಡಿ ಅಂದ್ರೆ ಮೊದಲು ಬಿಸಿಯಾಗಬೇಕು. ಒಂದು ಕ್ಷಣ."

"ಇದು ಬಿಸಿಯಾಗ ಹೊತ್ಗ ಹಂದಿ ಉಂಡು ಬಾಯಿ ತೊಳ್ಕಂಡು ಓಗಿರ್ತದ ಅಳಿಯಂದ್ರೆ."

ಅಷ್ಟರಲ್ಲಿ ನೀಲಿ ಬೆಳ್ಳಗಾಯಿತು, ಬಿಳಿ ಹಿಗ್ಗಿತು, ಬೆಳಕಿನದೊಂದು ದೂಲ ನೆಟ್ಟಗೆ ಹೋಗಿ ಹುಣಸೆಮರಕ್ಕೆ ತಾಗಿತು. ಸೀರೆಯ ಅಂಚಿನ ಹೂವು ಕೂಡ ಕಂಡಿತು. ಇಷ್ಟು ಸಾಕು ಎಂಬ ಗತ್ತಿನಲ್ಲಿ ನಾನು ಟಾರ್ಚು ಆರಿಸಿದೆ.

ಬಸವಪ್ರಸಾದ್ ತನ್ನದನ್ನು ಹೊತ್ತಿಸಿದ. ಅದೂ ತುಸು ತಡೆದೇ ಬೆಳಗಿತು. ಬೆಳಗಿದ ಮೇಲೆ ಮರ, ಮರದಾಚೆಯ ಬೇಲಿ, ಬೇಲಿಯಾಚೆ ಬೀಡಿ ಸೇದುತ್ತ ಕೂತಿದ್ದ ಪಕ್ಕದ ಹೊಲದ ಮರಿಯಪ್ಪ, ಎಲ್ಲವೂ ಹಗಲಿನಂತಾದವು.

"ಯಾರ್ಲಾ ಅದು! ಕಣ್ಣು ಕಿತ್ತೋದವು ಕಣ್ಲಾ!" ಎಂದು ಮರಿಯಪ್ಪ ಕೂಗಿದ.

ನಾನು ತಡಮಾಡದೆ ನನ್ನದನ್ನು ಮತ್ತೆ ಒತ್ತಿದೆ. ಹತ್ತಲಿಲ್ಲ. ಈ ಜಾತಿಯ ಬಲ್ಬು ಬಿಸಿಯಿರುವಾಗ ಆರಿಸಿ ತಕ್ಷಣ ಹೊತ್ತಿಸಿದರೆ ಹತ್ತುವುದಿಲ್ಲ, ತಣ್ಣಗಾಗಬೇಕು, ಪದೇ ಪದೇ ಒತ್ತಿದರೆ ಬಲ್ಬಿಗೂ ಕೇಡು. ನನಗಿದು ಗೊತ್ತಿತ್ತು. ಒತ್ತುವಾಗ ಮರೆತಿತ್ತು.

"ಇದ್ಕ ಕ್ವಾಪ ಬಂದದ" ಅಂದರು ಮಾವ. ಕೋಪ ಇಳಿದ ಮೇಲೆ ಹತ್ತಿತು, ಐದು ನಿಮಿಷಕ್ಕೆ ಮತ್ತೆ ಆರಿತು. ಈ ಸಲ ಬ್ಯಾಟರಿಯೇ ಮುಗಿದಿತ್ತು. (ಹಿಂದಿನ ಸಂಜೆ ತಾರಸಿ ಮೇಲಿಂದ ಅಕ್ಕಪಕ್ಕದವರಿಗೆಲ್ಲ ಕಾಗೆ ಹುಡುಕಿ ತೋರಿಸಿದ್ದೆ.)

ಆದರೂ ಮಾವ ಒಂದು ಮಾತು ನನ್ನ ಪರವಾಗಿ ಹೇಳಿದರು. "ಚಿಕ್ಕಳಿಯಂದ್ರುದು ಬೆಳಕು ಜಾಸ್ತಿ, ದೊಡ್ಡಳಿಯಂದ್ರುದು ಭಾರ ಕಮ್ಮಿ. ನಾಳ ಚಾರ್ಜ್ ಮಾಡಿ, ಇನ್ನೊಂದ್ಸತಿ ನೋಡನ." ಹೀಗೆ ಪಂದ್ಯ ಭಾನುವಾರಕ್ಕೆ ಮುಂದೆ ಹೋಯಿತು.

ದಾರಿಯಲ್ಲಿ ನಾನು ಬಸವಪ್ರಸಾದನಿಗೆ ಬ್ಯಾಟರಿಯ ಬಗ್ಗೆ ತಿಳಿವಳಿಕೆ ನೀಡಿದೆ. ಅವನ ಟಾರ್ಚಿನದು ನಾಲ್ಕು ಸೆಲ್ಲಿನ ಬ್ಯಾಟರಿ, ನನ್ನದು ಮೂರು ಸೆಲ್ಲಿನದು. ಹಾಗಾಗಿ ಅವನ ಚಾರ್ಜರಿನ ವೋಲ್ಟೇಜ್ ಜಾಸ್ತಿ, ನನ್ನದರದು ಕಮ್ಮಿ. "ಪಿನ್ನು ಕೂತಿತು ಅಂದ ಮಾತ್ರಕ್ಕೆ ಚಾರ್ಜರ್ ಸರಿ ಅಂತಲ್ಲ, ಬಸವಪ್ರಸಾದ್. ಲಿಥಿಯಂ ಬ್ಯಾಟರಿ ವಿಷಯದಲ್ಲಿ ಜನ ಸಾಯೋದೇ ಅಲ್ಲಿ."

"ಹೌದಾ ಅಣ್ಣ" ಅಂದ ಅವನು. ಬಹಳ ವಿನಯದ ಮನುಷ್ಯ.

ಭಾನುವಾರ ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ, ಚಾಪೆಯ ಮೇಲೆ ಅತ್ತೆ ದೊಡ್ಡಮಲ್ಲಮ್ಮನವರು ಮೆಣಸಿನಕಾಯಿ ಒಣಹಾಕಿದ್ದರು. ಅದರ ಪಕ್ಕ ಮಾವನ ಹಳೇ ಟಾರ್ಚಿನ ಮೂರು ಸೆಲ್ಲು. ಅವುಗಳ ಪಕ್ಕದಲ್ಲಿ, ನೀಲಿ ಪ್ಲಾಸ್ಟಿಕ್ ಸುತ್ತಿದ ನನ್ನ ಚಪ್ಪಟೆ ಲಿಥಿಯಂ ಬ್ಯಾಟರಿ.

"ಅತ್ತೆ! ಇದೇನು?"

"ರಾತ್ರಿ ಸತ್ತೋಗಿತ್ತಂತಲ್ಲ ಅಳಿಯಂದ್ರೆ. ಒಸಿ ಬಿಸ್ಲು ಬಿದ್ರ ಜೀವ ಬತ್ತದ ಅಂತ ಈಗ ತಾನೆ ಮಡಗ್ದೆ."

ನಾವೆಲ್ಲ ಚಿಕ್ಕವರಿದ್ದಾಗ ರೇಡಿಯೊದ ಸೆಲ್ಲನ್ನು ಹೀಗೆಯೇ ಬಿಸಿಲಿಗಿಡುತ್ತಿದ್ದೆವು, ಮೇಲೆ ಒಂದೆರಡು ಸಲ ಕಚ್ಚುತ್ತಲೂ ಇದ್ದೆವು. ಅತ್ತೆ ಕಚ್ಚಿರಲಿಲ್ಲ, ಅದು ಅವರ ದೊಡ್ಡತನ. ಬ್ಯಾಟರಿ ಮುಟ್ಟಿ ನೋಡಿದೆ, ತಣ್ಣಗೇ ಇತ್ತು. "ಬೆಚ್ಚಗೂ ಆಗಿಲ್ಲ, ಏನೂ ಆಗಿಲ್ಲ ಬಿಡಿ" ಎಂದು ಉದಾರವಾಗಿ ಕ್ಷಮಿಸಿದೆ. ಆಮೇಲೆ ಲಿಥಿಯಂಗೆ ಬಿಸಿಲು ಎಷ್ಟು ಅಪಾಯ ಎಂದು ಮೆಣಸಿನಕಾಯಿ ತಿರುವಿಹಾಕಿ ಮುಗಿಯುವಷ್ಟು ಹೊತ್ತು ಹೇಳಿದೆ.

ಒಳಗೆ ನಡುಮನೆಯಲ್ಲಿ ಪ್ಲಗ್ಗಿಗೆ ಚಾರ್ಜರ್ ಆಗಲೇ ನೇತಾಡುತ್ತಿತ್ತು. ಶಿವರಂಜನಿ ನನ್ನ ಚೀಲದಿಂದ ತೆಗೆದು ಹಾಕಿದ್ದಾಳೆ, ಎಂಥ ಹೆಂಡತಿ ಎಂದುಕೊಂಡೆ. ಪಿನ್ನು ಸಿಕ್ಕಿಸಿದೆ. ಸಲೀಸಾಗಿ ಕೂತಿತು. ಕೆಂಪು ದೀಪ ಹತ್ತಿತು. ಬ್ಯಾಟರಿಯನ್ನು ಬಟ್ಟೆಬರೆಯಿಂದ ದೂರ, ಬರಿಯ ಕಲ್ಲುಚಪ್ಪಡಿಯ ಮೇಲೆ ಇಟ್ಟೆ. ಆ ದಿನ ನಾನು ಸರಿಯಾಗಿ ಮಾಡಿದ ಒಂದೇ ಕೆಲಸ ಇದು, ಆದ್ದರಿಂದ ದಾಖಲಿಸುತ್ತಿದ್ದೇನೆ. ಚಾರ್ಜ್ ಆಗುವ ಲಿಥಿಯಂ ಬ್ಯಾಟರಿಯನ್ನು ಬಿಟ್ಟು ಹೋಗಬಾರದು ಎಂಬ ನಿಯಮವೂ ನೆನಪಾಯಿತು. ಅತ್ತೆಯನ್ನು ಕರೆದೆ.

"ಅತ್ತೆ, ಇದರ ಮುಂದೆ ಕೂತಿರಿ. ಹಸಿರು ದೀಪ ಬರೋವರೆಗೂ ಕದಲಬೇಡಿ. ಒಲೆ ಮೇಲೆ ಹಾಲಿಟ್ಟಾಗ ನೋಡ್ಕೊತೀರಲ್ಲ, ಹಾಗೇ ಅಂದ್ಕೊಳ್ಳಿ."

"ಹಾಲು ತರನಾ?"

"ಹಾಲಿನ ತರವೇ."

ಅತ್ತೆ ಮಣೆ ಎಳೆದುಕೊಂಡು ಕೂತರು. ಇನ್ನು ಇವರು ಬೇರೇನನ್ನೂ ಬಿಸಿಲಿಗಿಡುವುದಿಲ್ಲ ಎಂಬ ನೆಮ್ಮದಿಯೂ ನನಗಿತ್ತು.

ಮಧ್ಯಾಹ್ನ ಕಾಯೊಬ್ಬಟ್ಟಿನ ಊಟ. ಅತ್ತೆ ಬಡಿಸಲು ಬರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ, ಒಬ್ಬಟ್ಟು ಬರುತ್ತಿತ್ತು. ಉಂಡು ಜಗಲಿಗೆ ಬಂದೆವು. ಎಲೆಯಡಿಕೆಗೆಂದು ಮರಿಯಪ್ಪನೂ ಬಂದಿದ್ದ. ಸಭೆ ಸೇರಿದೆ ಎಂದಾಗ ಸುಮ್ಮನಿರುವುದು ನನ್ನ ಉದ್ಯೋಗಕ್ಕೆ ಶೋಭೆಯಲ್ಲ. ನಾನು ಎದ್ದು ನಿಂತು ಶುರುಮಾಡಿದೆ. ಬಿಡಿ ಸೆಲ್ಲನ್ನು ಬೀಗದಕೈ ಇರುವ ಜೇಬಿಗೆ ಹಾಕಬಾರದು, ಲೋಹ ತಾಗಿ ಶಾರ್ಟ್ ಆದರೆ ಪಂಚೆ ಸುಡುತ್ತದೆ.

"ನನ್ ಪಂಚೆಗ ಜೇಬೇ ಇಲ್ವಲ್ಲ" ಅಂದ ಮರಿಯಪ್ಪ.

"ಅಂಡ್ರಾಯರ್‌ಗ ಅದಲ್ಲ, ಸುಮ್ಗಿರು" ಅಂದರು ಮಾವ.

ಹಳೇ ಸೆಲ್ಲನ್ನೂ ಹೊಸ ಸೆಲ್ಲನ್ನೂ ಜೊತೆಗೆ ಹಾಕಬಾರದು. ನೆಗ್ಗಿದ್ದನ್ನು, ಹೊದಿಕೆ ಹರಿದಿದ್ದನ್ನು ಬಳಸಬಾರದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು. ಬೇರೆಯವರ ಚಾರ್ಜರ್ ಮುಟ್ಟಬಾರದು.

"ಆರನೇದು ಬಹಳ ಮುಖ್ಯ. ಬ್ಯಾಟರಿ ಏನಾದರೂ ಊದಿಕೊಂಡರೆ..."

"ಅಳಿಯಂದ್ರೆ, ಒಸಿ ಜರುಗಿ."

ಹಿಂದಿನಿಂದ ಅತ್ತೆಯ ಧ್ವನಿ. ಜರುಗಿದೆ. ಅವರು ನನಗೂ ಸಭಿಕರಿಗೂ ನಡುವೆ ಹಾದು ಅಂಗಳಕ್ಕೆ ಇಳಿದರು. ಕೈಯಲ್ಲಿ ಉದ್ದ ಇಕ್ಕಳ. ಇಕ್ಕಳದ ಬಾಯಲ್ಲಿ ಎಣ್ಣೆಯಿಂದ ಈಗ ತಾನೆ ತೆಗೆದ ಪೂರಿಯಂತೆ ಉಬ್ಬಿದ ನನ್ನ ಬ್ಯಾಟರಿ. ಹೊಸ ಕೊಟ್ಟಿಗೆ ಕಟ್ಟಲು ತಂದು ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಅದನ್ನು ಹಾಕಿ, ಸೆರಗು ಸರಿಮಾಡಿಕೊಂಡು ಅವರು ವಾಪಸು ಜಗಲಿ ಹತ್ತುವಷ್ಟರಲ್ಲಿ ಭುಸ್ ಎಂದು ಬಿಳಿ ಹೊಗೆ ಎದ್ದಿತು. ಹಿಂದೆಯೇ ಆಳೆತ್ತರದ ಉರಿ. ಘಾಟಿಗೆ ಎಲ್ಲರೂ ಮೂಗು ಮುಚ್ಚಿಕೊಂಡೆವು. ಉರಿ ತಗ್ಗಿ ಹೊಗೆ ಚದುರಿದಾಗ ತಿಳಿದದ್ದೇನೆಂದರೆ, ಸುರಕ್ಷತಾ ಮೇಲ್ವಿಚಾರಕರು ಮರಿಯಪ್ಪನ ಬೆನ್ನ ಹಿಂದಿದ್ದರು.

"ಆರನೇದು ಏನಂದ್ರಿ ಅಳಿಯಂದ್ರೆ?" ಅಂದರು ಮಾವ.

ಗೌರವ ಉಳಿಸಿಕೊಳ್ಳಲು ನನಗೆ ಕಂಡದ್ದು ಒಂದೇ ದಾರಿ. "ಬಿಸಿಲು!" ಅಂದೆ. "ಬೆಳಿಗ್ಗೆ ಅತ್ತೆ ಬಿಸಿಲಿಗೆ ಇಟ್ಟರಲ್ಲ, ಅದಕ್ಕೇ ಹೀಗಾಯ್ತು."

ಅತ್ತೆಯ ಮುಖ ಸಣ್ಣದಾಯಿತು. "ನಂಗೇನ್ ಗೊತ್ತಪ್ಪ. ಹಾಲು ತರ ನೋಡ್ಕಳಿ ಅಂದ್ರಿ, ನಾ ನೋಡ್ತಾ ಕೂತಿದ್ದಿ. ಉಕ್ಕಿ ಬಂತು. ಉಕ್ದಾಗ ಇಳಿಸ್ದೆ ಇನ್ನೇನ್ ಮಾಡರು? ವಯರು ಕಿತ್ತಾಕಿ ಇಕ್ಳದಲ್ಲಿ ತಂದ್ಬುಟ್ಟಿ. ನನ್ನಿಂದಾನೆ ಆಗೋಯ್ತಾ ಇದು?"

ಆಗ ಒಳಗಿನಿಂದ ಶಿವರಂಜನಿ ಬಂದಳು. ಒಂದು ಕೈಯಲ್ಲಿ ನನ್ನ ಚೀಲ, ಇನ್ನೊಂದು ಕೈಯಲ್ಲಿ ಟವೆಲ್ಲಿನ ಗಂಟು. ಗಂಟು ಬಿಚ್ಚಿ ಒಳಗಿದ್ದ ಚಾರ್ಜರ್ ತೋರಿಸಿದಳು.

"ರೀ, ನಿಮ್ಮ ಚಾರ್ಜರ್ ಚೀಲದಿಂದ ಆಚೆಗೇ ಬಂದಿಲ್ಲ. ಹಂಗಾದ್ರೆ ನಡುಮನೇಲಿ ನೇತಾಡ್ತಿರೋದು ಯಾರ್ದು?"

ಎಲ್ಲರೂ ಬಸವಪ್ರಸಾದನ ಕಡೆ ನೋಡಿದರು. ಅವನು ನೆಲ ನೋಡಿದ.

"ನಂದೇ. ರಾತ್ರಿ ಹಾಕಿದ್ದೆ, ತೆಗೆಯೋದು ಮರ್ತೋಯ್ತು. ಪರವಾಗಿಲ್ಲ ಬುಡಿ ಅಣ್ಣ" ಅಂದ, ಅದೇ ವಿನಯದಲ್ಲಿ. "ಪಿನ್ನು ಕೂತ್ಕತದ."

ನಾನು ಅತ್ತೆಯ ಮುಂದೆ ನಿಂತು ತಪ್ಪಾಯಿತು ಎಂದೆ. ನಡುಮನೆಗೆ ಹೋಗಿ ಪ್ಲಗ್ಗಿನ ಮೇಲೆ ಕತ್ತೆತ್ತಿ ನೋಡಿದೆ. ನೆತ್ತಿಗೆ ಸರಿಯಾಗಿ ಅಟ್ಟವಿತ್ತು, ಅಟ್ಟದ ತುಂಬ ಬಿತ್ತನೆಗೆಂದು ಕಟ್ಟಿಟ್ಟ ಒಣ ಜೋಳದ ತೆನೆ. ಆಳೆತ್ತರದ ಆ ಉರಿ ಅಲ್ಲಿ ಎದ್ದಿದ್ದರೆ ಎಂದು ಯೋಚಿಸಿ ಅಲ್ಲೇ ಮಣೆಯ ಮೇಲೆ ಕೂತೆ. ಮಣೆ ಇನ್ನೂ ಬೆಚ್ಚಗಿತ್ತು. ಆಗ ಹೊಳೆಯಿತು.

"ಅತ್ತೆ, ನೀವು ಊಟ ಮಾಡಿದ್ರಾ?"

"ಕದಲಬೇಡಿ ಅಂದ್ರಲ್ಲ."

ಎಲೆ ಹಾಕಿದವನು ನಾನು, ಬಡಿಸಿದವನು ನಾನು. ಒಬ್ಬಟ್ಟಿನ ಪಾತ್ರೆಯಲ್ಲಿ ಒಂದೂವರೆ ಉಳಿದಿತ್ತು. ಉಳಿದವು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ, ಅದಕ್ಕೂ ನಾನು ಋಣಿ. ಅತ್ತೆ ಆ ಅರ್ಧವನ್ನೂ ಮುರಿದು ಚೂರೊಂದನ್ನು ನನ್ನ ಕೈಗಿಟ್ಟು, "ಎದರ್ಕಬುಟ್ರೇನೊ, ತಿನ್ನಿ" ಅಂದರು. ಅತ್ತೆಮನೆಯಲ್ಲಿ ನಾನು ತಿಂದ ಒಬ್ಬಟ್ಟುಗಳಲ್ಲಿ ಲೆಕ್ಕಕ್ಕೆ ಬರುವುದು ಆ ಚೂರು ಮಾತ್ರ.

ಸಂಜೆ ಪಂದ್ಯ ನಡೆಯಲಿಲ್ಲ. ಮಾವ ಬಸವಪ್ರಸಾದನ ಕುಂಬಳಕಾಯಿಯನ್ನು ಹೆಗಲಿಗೆ ಹಾಕಿಕೊಂಡು, ಕಾಲ ಬುಡ ನೋಡಿಕೊಳ್ಳಲು ಹಳೇ ಟಾರ್ಚಿಗೆ ಹೊಸ ಸೆಲ್ಲು ತುಂಬಿಸಿ ಕೈಯಲ್ಲಿ ಹಿಡಿದು ಹೊಲಕ್ಕೆ ಹೋದರು, ಬೀಳದೆ ವಾಪಸು ಬಂದರು. ನನ್ನ ಟಾರ್ಚು ಅಲ್ಲೇ ಉಳಿದಿದೆ. ಅದಕ್ಕೆ ತೂಕವಿರುವುದರಿಂದ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿದುಕೊಳ್ಳುವುದು ನಿಂತಿದೆಯಂತೆ.

ಹೊರಡುವಾಗ ಹೆಣ್ಣುಮಕ್ಕಳಿಬ್ಬರೂ ಕೊನೆಯ ತೀರ್ಪು ಕೊಟ್ಟರು. ಅಪ್ಪನ ಟಾರ್ಚಿಗೆ ಚಾರ್ಜ್ ಭಾನುವಾರ ಮಾತ್ರ, ಅದೂ ಹೊರಗೆ ಜಗಲಿಯ ಮೇಲೆ, ಒಬ್ಬರು ಮುಂದೆ ಕೂತು. ಈ ಭಾನುವಾರ ಮೊದಲ ಬಸ್ಸಿಗೆ ನಾನು ಭೀಮನಬೀಡಿಗೆ ಹೊರಡುತ್ತಿದ್ದೇನೆ. ಮಣೆ ಮತ್ತು ಇಕ್ಕಳ ಜಗಲಿಯಲ್ಲಿ ಇಟ್ಟಿರುತ್ತಾರೆ. ಹಸಿರು ದೀಪ ಬಂದ ಮೇಲೆ ನನಗೆ ಊಟ.