ಹಸಿರು ಸೀರೆಗಾಗಿ ಗುರುಲಿಂಗಪ್ಪನ ವರ್ಣಯುದ್ಧ

ಎಲೈ ಸಹೃದಯರೇ, ಕಿವಿಗೊಡಿ! ಅಂಗಡಿಗಳೆಲ್ಲ ಕಿಸೆಯ ಫೋನಿನೊಳಗೆ ಇಳಿದು, ಸೀರೆಯ ನೂಲು ಮುಟ್ಟುವ ಮೊದಲೇ ಜನ ಅದರ ಚಿತ್ರವನ್ನು ಬೈಯುವ ಈ ಘೋರ ಕಾಲದಲ್ಲಿ, ಇಳಕಲ್ಲ ಪಟ್ಟಣದ ಸೀರೆವ್ಯಾಪಾರಿಕುಲತಿಲಕನೂ, ಮಗ್ಗನಾದಮೋದಿತನೂ, ಅಕ್ಕನೊಬ್ಬಳನ್ನುಳಿದು ಯಾರಿಗೂ ಅಂಜದವನೂ ಆದ ಗುರುಲಿಂಗಪ್ಪನ ಪರಾಕ್ರಮವನ್ನು ಹೇಳುತ್ತೇನೆ.

ಅಕ್ಕನ ಮಗಳು ಸುವರ್ಣಾಳಿಗೆ ಕುಬಸ, ಅಂದರೆ ಸೀಮಂತ. ಬಸುರಿಗೆ ಹಸಿರು ಸೀರೆ ಉಡಿಸುವುದು ಆ ಮನೆತನದಲ್ಲಿ ಸೋದರಮಾವನ ಹಕ್ಕು. ಆದರೆ ಅವಳ ಮದುವೆಗೆ ಅವನು ಫೋಟೋದಲ್ಲಿ ತೋರಿಸಿದ್ದು ದಾಳಿಂಬೆ ಕೆಂಪು. ಗಂಟು ಬಿಚ್ಚಿದಾಗ ಬಂದದ್ದು ಇಟ್ಟಂಗಿ ಬಣ್ಣ. ಅದನ್ನು ಮರೆಯದ ಹುನಗುಂದದ ಅಕ್ಕ ಬಸಲಿಂಗವ್ವ ಫೋನಿನಲ್ಲಿ ಗುಡುಗಿದಳು:

"ತಮ್ಮಾ, ಮೊದ್ಲ ಬಣ್ಣ ತೋರ್ಸು. ಈ ಸಲಾನೂ ತಪ್ಪಿದ್ರ ಸೀರಿ ಆಕಿ ಅತ್ತಿ ಮನ್ಯಾವ್ರೇ ಉಡಸ್ತಾರ. ನೀ ಉಂಡು ಹೋಗಾಕ ಬಾ."

ಉಂಡು ಹೋಗಲು! ಸಿಡಿಲುಂಡ ಗುಡ್ಡದಂತೆ ಎದ್ದ ಗುರುಲಿಂಗಪ್ಪ ಲ್ಯಾಪ್‌ಟಾಪ್ ತೆರೆದು, ಸೀರೆಯ ಫೋಟೋವನ್ನು ಪರದೆ ತುಂಬ ಹರಡಿ, ಪಕ್ಕದಲ್ಲಿ ಸಾಕ್ಷಾತ್ ಹಸಿರು ಸೀರೆಯನ್ನೇ ತೂಗುಹಾಕಿದ. ಪರದೆಯಲ್ಲಿ ಅದು ನವಿಲುಗೊರಳಿನ ನೀಲಿ!

"ಎಲವೋ ವರ್ಣದ್ರೋಹಿ ಪರದೆಯೇ! ನಿನ್ನ ನೀಲಿಯ ಸೊಕ್ಕು ಮುರಿಯುವ ತನಕ ಈ ಗುರುಲಿಂಗ ಚಹಾ ಮುಟ್ಟಲಾರ!"

"ಚಾ ಆರಾಕತ್ತೈತ್ರಿ," ಎಂದಳು ಹೆಂಡತಿ ದಾನಮ್ಮ. "ಕುಡ್ದು ಬೈರಿ ಅದನ್ನ."

ಸೆಟ್ಟಿಂಗ್ಸ್ ಎಂಬ ಚಕ್ರವ್ಯೂಹವನ್ನು ವೀರ ಹೊಕ್ಕ. ನೀಲಿಯನ್ನು ತಗ್ಗಿಸಿದರೆ ಪರದೆಗೆ ಕಾಮಾಲೆ ಹಿಡಿಯಿತು. ಕೆಂಪನ್ನು ತುಳಿದರೆ ಪಾಚಿ ಕಟ್ಟಿತು. ದಾನಮ್ಮ ಸೆರಗನ್ನು ಪರದೆಗೆ ತಾಗಿಸಿ ಹಿಡಿದು, "ಇನ್ನೊಂಚೂರು. ಹಾಂ... ಜಾಸ್ತಿ ಆತು. ನಿಮ್ಮ ಕೈ ಭಾಳ ಒರಟ" ಎಂದು ತೀರ್ಪು ಕೊಡುತ್ತ ನಿಂತಳು. ಮಧ್ಯಾಹ್ನದ ಹೊತ್ತಿಗೆ ಸೀರೆಯೂ ಚಿತ್ರವೂ ಅವಳಿಜವಳಿಯಾದವು. ಜಯಘೋಷದೊಂದಿಗೆ ಫೋಟೋ ಹುನಗುಂದಕ್ಕೆ ಹಾರಿತು.

ಉತ್ತರ ಕೂಡಲೇ ಬಂತು: "ನೀಲಿ ಐತಿ."

ಪರದೆಯನ್ನು ತಿದ್ದಿದ ಮಹಾರಥಿ ಫೋಟೋವನ್ನು ತಿದ್ದಿರಲೇ ಇಲ್ಲ! ಗೆದ್ದ ಹಸಿರು ಅವನ ಪರದೆಯಲ್ಲೇ ಉಳಿದಿತ್ತು. ಅಕ್ಕನಿಗೆ ಹೋದದ್ದು ಅದೇ ಹಳೆಯ ನೀಲಿ.

"ಸುಮ್ನ ಸೀರಿ ತಗೊಂಡು ಬಸ್ ಹತ್ರಿ," ಅಂದಳು ದಾನಮ್ಮ.

ಅಕ್ಕನ ಅಂಗಳದ ಬಿಸಿಲಿನಲ್ಲಿ ಸೀರೆ ಬಿಚ್ಚಿಕೊಂಡಿತು. ಬಸಲಿಂಗವ್ವ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಹಸ್ರ ಐತಿ. ನೀನೇ ಉಡಸು."

ದಿಕ್ಪಾಲಕರು ಹೂಮಳೆಗೆ ಕೈಯೆತ್ತಿದರು.

"ಕುಬಸದ ಖಣ ಎಲ್ಲೈತೋ?"

ಎತ್ತಿದ ಕೈಗಳು ಹಾಗೇ ನಿಂತವು. ಸೀರೆಯ ಬಣ್ಣದ ಗಲಾಟೆಯಲ್ಲಿ, ಜೊತೆಗೆ ಕೊಡಬೇಕಾದ ಗುಳೇದಗುಡ್ಡದ ರವಿಕೆ ಖಣ ಇಳಕಲ್ಲಿನಲ್ಲೇ ಉಳಿದಿತ್ತು.

"ದಾನಮ್ಮಗ ಫೋಟೋ ಕಳಸಂತ ಹೇಳ್ಲೇನಕ್ಕಾ?"

"ಫೋಟೋ ತೊಡಸ್ತೀಯೇನೋ ಹುಡ್ಗಿಗೆ? ಹೋಗು, ತಗೊಂಬಾ."

ವರ್ಣವಿಜಯಿ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ.